ತೂತು ಮುಚ್ಚಿದ ಕುಂಡ

ನಮ್ಮ ಮನೆಯಲ್ಲಿ ಐದು ಜನ, ಐದು ಲಿಂಗ, ಒಂದೇ ಪತ್ರೆ ಗಿಡ. ಮಾವ, ಅತ್ತೆ, ನನ್ನ ಯಜಮಾನರು, ಮೈದುನ, ನಾನು. ಬೆಳಿಗ್ಗೆ ಸ್ನಾನವಾದ ಮೇಲೆ ಒಬ್ಬರಾದ ಮೇಲೊಬ್ಬರು ಪೂಜೆಗೆ ಕೂರುತ್ತಿದ್ದೆವು. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಮೇಲೊಂದು ಬಿಲ್ವಪತ್ರೆ ಏರಿಸಬೇಕು. ಕೆಳಗಿನ ಬಟ್ಟಲಿಗೆ ಬಿದ್ದ ನೀರನ್ನು ಒಂದು ಗುಟುಕು ತೀರ್ಥವೆಂದು ಕುಡಿದು, ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಬೇಕು. ಚರಂಡಿಗೆ ಚೆಲ್ಲುವ ಹಾಗಿಲ್ಲ, ಯಾರ ಕಾಲಿಗೂ ಸಿಗುವ ಹಾಗಿಲ್ಲ. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ನಮ್ಮಂಥ ಮನೆಗಳಲ್ಲಿ ಹುಟ್ಟಿದವರಿಗೆ ಅದು ಗೊತ್ತೇ ಇರುತ್ತದೆ.

ಚಾಮರಾಜಪೇಟೆಯ ವಠಾರದಲ್ಲಿದ್ದಾಗ ಆ ಗಿಡ ಒಂದು ಸೀಮೆಎಣ್ಣೆ ಡಬ್ಬದಲ್ಲಿತ್ತು. ಹಿತ್ತಿಲ ಮಣ್ಣಿನ ಮೇಲೆ ಡಬ್ಬ, ಡಬ್ಬದ ತಳವೆಲ್ಲ ತುಕ್ಕು. ಎಷ್ಟು ನೀರು ಹಾಕಿದರೂ ಕೆಳಗೆ ಇಳಿದುಹೋಗುತ್ತಿತ್ತು. ಅತ್ತೆ ಅದನ್ನು ಬೀಜದಿಂದ ಎಬ್ಬಿಸಿದ್ದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದು ಅವರ ಸೊಂಟದಷ್ಟಿತ್ತು, ಮೈತುಂಬ ಎಲೆ, ಎಲೆಗಿಂತ ಹೆಚ್ಚು ಮುಳ್ಳು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಮಾವ ಜಯನಗರದಲ್ಲಿ ಮನೆ ಕಟ್ಟಿಸಿದರು. ಆಗಿನ ಜಯನಗರ ಎಂದರೆ ಜಲ್ಲಿ ಸುರಿದ ರಸ್ತೆ, ನಾಲ್ಕು ಸೈಟಿಗೆ ಒಂದು ಮನೆ, ಮಿಕ್ಕಿದ್ದೆಲ್ಲ ಎಕ್ಕದ ಗಿಡ ಮತ್ತು ಲಾಂಟಾನ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಹೊತ್ತು ಒಂದೂವರೆ ಗಂಟೆ ಮಾತ್ರ. ಆ ಒಂದೂವರೆ ಗಂಟೆಯಲ್ಲಿ ಹಂಡೆ, ತೊಟ್ಟಿ, ಕೊಡ, ಚೆಂಬು, ಕೊನೆಗೆ ಲೋಟವನ್ನೂ ಬಿಡದೆ ತುಂಬಿಸಿ ಇಡುವುದು ನನ್ನ ಪಾಲಿನ ಕೆಲಸ.

ನಾನು ಆಗ ಕೊಡ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಗೃಹಪ್ರವೇಶಕ್ಕೆ ಮೂರು ವಾರ ಇರುವಾಗ ನನಗೆ ಐದು ತಿಂಗಳ ಬಸಿರು ನಿಲ್ಲದೆ ಹೋಗಿತ್ತು. ಅದು ಎರಡನೆಯದು. ಮೊದಲನೆಯದು ಹೋದಾಗ ತವರಿಗೆ ಕಳಿಸಿದ್ದರು, ಅಮ್ಮ ತಲೆಗೆ ಎಣ್ಣೆ ಒತ್ತಿ ಮಲಗಿಸಿದ್ದಳು. ಎರಡನೆಯದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ, ಮನೆ ಸಾಮಾನು ಕಟ್ಟುವುದಿತ್ತು. ಕಾಲಲ್ಲಿ ಬಲವಿರಲಿಲ್ಲ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಸುಸ್ತು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಮನೆಯ ಅಡುಗೆಮನೆಯ ಹೊಸ ಸಿಮೆಂಟಿನ ವಾಸನೆ ನೆನಪಾಗುತ್ತದೆ.

ಸಾಮಾನಿನ ಗಾಡಿಯಿಂದ ಇಳಿಸುವಾಗ ಡಬ್ಬದ ತಳ ಕಳಚಿ ಬಿತ್ತು. ಅದನ್ನೇ ಗೋಣಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿಟ್ಟು ಎರಡು ತಿಂಗಳು ನೂಕಿದೆವು. ಮಳೆ ಹಿಡಿಯುವ ಹೊತ್ತಿಗೆ ಅತ್ತೆ ಒಂದು ದೊಡ್ಡ ಮಣ್ಣಿನ ಕುಂಡ ತರಿಸಿದರು. ಅದನ್ನು ಮುಂಬಾಗಿಲ ಪಕ್ಕ, ಜಗಲಿಯ ಮೇಲೆ ಇಡಬೇಕೆಂದು ಅವರ ಆಸೆ. ಜಗಲಿಗೆ ಕೆಂಪು ಗಾರೆ ಹಾಕಿಸಿದ್ದರು, ಮನೆಗೆ ಬರುವವರೆಲ್ಲ ಅಲ್ಲೇ ತುಳಿದುಕೊಂಡು ಒಳಗೆ ಬರಬೇಕು.

ಕುಂಡ ಬಗ್ಗಿಸಿ ನೋಡಿ ಅತ್ತೆ, "ಇದೇನು, ತಳದಲ್ಲಿ ತೂತು ಬಿಟ್ಟಿದಾರೆ" ಅಂದರು.

"ಕುಂಡಕ್ಕೆ ತೂತು ಇರುತ್ತೆ ಅತ್ತೆ, ನೀರು ಇಳಿಯೋಕೆ."

"ಎಲ್ಲಿಗೆ ಇಳಿಯುತ್ತೆ? ಜಗಲಿಗೆ. ತೀರ್ಥ ಜಗಲಿ ಮೇಲೆ ಹರಿದ್ರೆ ಬಂದವರು ಹೋದವರೆಲ್ಲ ತುಳೀತಾರೆ. ಮುಚ್ಚಿಬಿಡು ಅದನ್ನ."

ಹಿಂದುಗಡೆ ಅರ್ಧ ಚೀಲ ಸಿಮೆಂಟು ಉಳಿದಿತ್ತು. ನಾನೇ ನೀರಿನಲ್ಲಿ ಕಲಸಿ, ಬೆರಳಿನಿಂದ ಒತ್ತಿ ಆ ತೂತನ್ನು ಮುಚ್ಚಿದೆ. ತಪ್ಪು ಎಂದು ನನಗೆ ಗೊತ್ತಿತ್ತು. ನಮ್ಮ ತವರಿನಲ್ಲಿ ಕನಕಾಂಬರ, ಮರುಗ ಎಲ್ಲ ಕುಂಡದಲ್ಲೇ ಬೆಳೆಸಿದವರು ನಾವು. ಆದರೆ ಅವತ್ತು ಇನ್ನೊಂದು ಮಾತು ಆಡುವ ತ್ರಾಣ ನನ್ನಲ್ಲಿ ಇರಲಿಲ್ಲ. ಹೂಂ ಅಂದುಬಿಟ್ಟರೆ ಬೇಗ ಮುಗಿಯುತ್ತದೆ, ಸ್ವಲ್ಪ ಹೊತ್ತು ಕೂರಬಹುದು ಅಂತ ಅಷ್ಟೆ. ಕೆರೆ ಮಣ್ಣು, ಮೇಲೆ ಒಂದಿಷ್ಟು ಹಸಿ ಸಗಣಿ ತುಂಬಿ ಗಿಡ ನೆಟ್ಟೆ. ಮುಳ್ಳು ಚುಚ್ಚಿ ಕೈಯೆಲ್ಲ ರಕ್ತವಾಯಿತು. ಅದನ್ನು ನೋಡಿ ಮೈದುನ "ಅತ್ತಿಗೆ, ಗಿಡ ಗೆದ್ದಿತು" ಎಂದು ನಕ್ಕ. ನಾನೂ ನಕ್ಕೆ ಅಂತ ಕಾಣುತ್ತದೆ.

ಮಾರನೆಯ ದಿನದಿಂದ ಐದು ಬಟ್ಟಲು ನೀರು ಆ ಕುಂಡಕ್ಕೆ ಬೀಳತೊಡಗಿತು. ಬರಿಯ ನೀರಲ್ಲ, ಅದರಲ್ಲಿ ವಿಭೂತಿ, ಸೋಮವಾರವಾದರೆ ಹಾಲು. ಹಿಂದಿನ ದಿನದ ಹೂವು, ಬಾಡಿದ ಪತ್ರೆ ಕೂಡ ಬುಡಕ್ಕೇ. ಜೊತೆಗೆ ಜಡಿಮಳೆ. ಹದಿನೈದು ದಿನದಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಒಂದು ಪದರ ಕಟ್ಟಿತು. ಎಲೆಗಳು ತುದಿಯಿಂದ ಹಳದಿಯಾಗಿ, ತೊಟ್ಟು ಸಮೇತ ಜಗಲಿಯ ಮೇಲೆ ಬೀಳತೊಡಗಿದವು.

"ಬಾಡ್ತಿದೆ, ನೀರು ಸಾಲ್ತಿಲ್ಲ" ಎಂದರು ಮಾವ. ಸಂಜೆಯೂ ಒಂದು ಚೆಂಬು ಹಾಕಲು ಶುರು ಮಾಡಿದರು. ಮಾವ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿದವರು, ಬಾಡಿದ ಗಿಡಕ್ಕೆ ನೀರು ಹಾಕಬೇಕು ಎನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನನ್ನ ಯಜಮಾನರಂತೂ "ಗಿಡ ತಾನೆ, ಇನ್ನೊಂದು ತಂದರಾಯಿತು ಬಿಡು" ಎಂದು ಸೈಕಲ್ ಏರಿ ಹೋದರು. ಬಸಿರು ಹೋದಾಗಲೂ ಇಂಥದೇ ಒಂದು ಮಾತು ಅಂದಿದ್ದರು. ಕೆಟ್ಟವರಲ್ಲ, ಬೇರೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ ಅಷ್ಟೆ.

ಶ್ರಾವಣ ಬರುವ ಹೊತ್ತಿಗೆ ಗಿಡದಲ್ಲಿ ಏಳೆಂಟು ಎಲೆ ಉಳಿದಿದ್ದವು. ಪತ್ರೆಗೆ ಒಂದು ಅನುಕೂಲ ಇದೆ, ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು, ಅದಕ್ಕೆ ಮೈಲಿಗೆ ಇಲ್ಲ. ಅತ್ತೆ ಐದು ಪತ್ರೆ ಆರಿಸಿ ಹಿತ್ತಾಳೆ ಬಟ್ಟಲಲ್ಲಿ ಇಟ್ಟುಕೊಂಡು ದಿನವೂ ತೊಳೆಯುತ್ತಿದ್ದರು. ಗಿಡದ ವಿಷಯ ನನ್ನ ಮುಂದೆ ಅವರು ಏನೂ ಆಡಲಿಲ್ಲ. ಆಡಿದ್ದು ಎದುರುಮನೆಯ ಆಕೆಯ ಹತ್ತಿರ.

ನಾನು ಕಿಟಕಿಯ ಒಳಗಡೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಹೊರಗೆ ಕಾಂಪೌಂಡಿನ ಹತ್ತಿರ ಇಬ್ಬರೂ ನಿಂತಿದ್ದರು. "ಅಷ್ಟು ಚೆನ್ನಾಗಿತ್ತಲ್ಲ, ಏನಾಯ್ತು ನಿಮ್ಮ ಪತ್ರೆ ಗಿಡಕ್ಕೆ?" ಎಂದು ಆಕೆ ಕೇಳಿದರು.

"ನಮ್ಮ ಸೊಸೆ ನೆಟ್ಟಿದ್ದು" ಎಂದರು ಅತ್ತೆ. "ಕೈಗುಣ ಅಂತ ಒಂದಿರುತ್ತಲ್ಲ. ಅವಳ ಕೈಲಿ ಏನೂ ನಿಲ್ಲೋಲ್ಲ" ಎಂದರು.

ಏನೂ ಎಂದರೆ ಏನು ಅಂತ ಎದುರುಮನೆಯವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅಕ್ಕಿ ಆರಿಸುತ್ತಲೇ ಇದ್ದೆ. ಅಳು ಬರಲಿಲ್ಲ. ಬಂದದ್ದು ಹೆದರಿಕೆ. ಯಾಕೆಂದರೆ ಆ ಮಾತು ನಾನೇ ಎಷ್ಟೋ ಸಲ ನನಗೆ ಹೇಳಿಕೊಂಡಿದ್ದೆ. ಈ ಗಿಡ ಸತ್ತರೆ ಅದು ನಿಜವಾಗುತ್ತದೆ, ಆಮೇಲೆ ಇನ್ನೊಂದು ಸಲ ಬಸಿರಾದರೂ ಮೊದಲ ದಿನದಿಂದಲೇ ನಾನು ಕೈಬಿಟ್ಟುಬಿಡುತ್ತೇನೆ ಎಂದು ಅನ್ನಿಸಿತು. ಅವತ್ತಿನಿಂದ ಅದು ಅತ್ತೆಯ ಗಿಡವಾಗಿ ಉಳಿಯಲಿಲ್ಲ. ಹೇಗಾದರೂ ಅದನ್ನು ಉಳಿಸಿಕೊಳ್ಳಬೇಕಿತ್ತು.

ನಮಗೆ ಸೊಪ್ಪು ಹಾಕುತ್ತಿದ್ದವಳು ಕತ್ರಿಗುಪ್ಪೆಯಿಂದ ಬರುತ್ತಿದ್ದಳು. ತಲೆಯ ಮೇಲೆ ಕುಕ್ಕೆ, ಬಾಯಲ್ಲಿ ಎಲೆಅಡಿಕೆ. ಅವರ ಹೊಲದಲ್ಲಿ ಅರ್ಧ ಬಡಾವಣೆಗೆ ಹೋಗಿತ್ತು, ಉಳಿದರ್ಧದಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅವಳು ಜಗಲಿಯಲ್ಲಿ ಕುಕ್ಕೆ ಇಳಿಸಿ, ಸೊಪ್ಪು ಕೊಡುವುದನ್ನು ಬಿಟ್ಟು ಕುಂಡವನ್ನೇ ನೋಡಿದಳು. ಮಣ್ಣಿಗೆ ಬೆರಳು ಹಾಕಿ ಮೂಸಿದಳು.

"ಏನವ್ವ ಇದು, ಹಳಸಿದ ಮಜ್ಜಿಗೆ ವಾಸನೆ ಹೊಡೀತೈತೆ. ಇದರ ತೂತ ಎಲ್ಲೈತೆ?"

"ಮುಚ್ಚಿದೀವಿ."

"ಯಾಕೆ?"

ಹೇಳಿದೆ. ಅವಳು ನಗಲಿಲ್ಲ. ದೇವರ ವಿಷಯ ಎಂದು ಸುಮ್ಮನೆ ಒಂದು ಸಲ ಕೈಮುಗಿದಳು. ಆಮೇಲೆ ಉಗುರಿನಿಂದ ಕಾಂಡದ ಸಿಪ್ಪೆ ಒಂದಿಷ್ಟು ಗೀರಿ ನನಗೆ ತೋರಿಸಿದಳು. ಒಳಗೆ ಹಸಿರಿತ್ತು.

"ಜೀವ ಐತೆ. ಬೇರು ಮುಳುಗೋಗಿ ಉಸಿರು ಕಟ್ಟೈತೆ, ಅಷ್ಟೆಯ. ಈಚೆ ತೆಗೀರಿ. ಕರ್ರಗಾಗಿರೋ ಬೇರೆಲ್ಲ ಕತ್ತರಿಸಿ ಬಿಸಾಕಿ. ಮರಳು ಬೆರ್ಸಿ, ಹಸಿ ಸಗಣಿ ಮುಟ್ಟಿಸ್ಬ್ಯಾಡಿ. ಮ್ಯಾಲಿನ ಕೊಂಬೆ ಅರ್ಧಕ್ಕೆ ಕುಯ್ದು ನೆಳ್ಳಲ್ಲಿ ಮಡಗಿ. ಎರಡು ಗೆಣ್ಣು ಬೆರಳಿಳಿಸಿ ನೋಡಿ, ಒಣಗಿದ್ರೆ ಮಾತ್ರ ನೀರು." ಕುಕ್ಕೆ ಎತ್ತಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದಳು. "ಆಮ್ಯಾಕೆ ಸುಮ್ಕಿರ್ಬೇಕು ನೋಡವ್ವ. ಅದೇ ಕಷ್ಟ."

ಒಳಗೆ ಹೋದೆ. ಅತ್ತೆ ಆಗಷ್ಟೇ ಪೂಜೆ ಮುಗಿಸಿ, ಹಾಲು ಬೆರೆತ ನೀರಿನ ಬಟ್ಟಲು ಹಿಡಿದು ಏಳುತ್ತಿದ್ದರು. ಅವರಿಗೆ ಮಂಡಿ ನೋವು, ಗೋಡೆ ಹಿಡಿದೇ ಏಳಬೇಕು.

"ಅತ್ತೆ, ಕುಂಡದ ತೂತು ಬಿಡಿಸಬೇಕು."

"ಬಿಡಿಸಿದ್ರೆ ತೀರ್ಥ ಜಗಲಿಗೆ ಹರಿಯೋಲ್ವ?"

"ಹರೀಬಾರದು ಅಂದ್ರೆ ಅದಕ್ಕೆ ಹಾಕಬೇಡಿ."

ಅವರು ನನ್ನ ಮುಖ ನೋಡಿದರು. ಆ ಮನೆಯಲ್ಲಿ ನಾನು ಹಾಗೆ ಮಾತಾಡಿದವಳಲ್ಲ. ಎಲ್ಲಿಲ್ಲದ ಸಿಟ್ಟು ಬಂದಿತ್ತು.

"ಐದು ಜನದ ಪೂಜೆ ನೀರು ಕುಡಿದು ಕುಡಿದು ಅದರ ಬೇರು ಕೊಳೀತಿದೆ. ತೂತು ಮುಚ್ಚು ಅಂದಿದ್ದು ನೀವು. ತಪ್ಪು ಅಂತ ಗೊತ್ತಿದ್ದೂ ಮುಚ್ಚಿದ್ದು ನಾನು. ಇದರಲ್ಲಿ ಕೈಗುಣದ ಮಾತೇನು ಬಂತು? ಕಿಟಕಿ ತೆಗೆದೇ ಇತ್ತು ಅತ್ತೆ, ನಾನು ಒಳಗೇ ಇದ್ದೆ."

ಅವರು ಬಟ್ಟಲನ್ನು ಕೆಳಗಿಟ್ಟರು. ಬಯ್ಯುತ್ತಾರೆ, ಇಲ್ಲವಾದರೆ ಮಾವನನ್ನು ಕರೆಯುತ್ತಾರೆ ಎಂದುಕೊಂಡೆ. ಎರಡೂ ಆಗಲಿಲ್ಲ. "ಇವತ್ತು ಸೋಮವಾರ. ಪತ್ರೆ ಗಿಡಕ್ಕೆ ಕತ್ತಿ ಮುಟ್ಟಿಸಬಾರದು" ಎಂದರು. ಸೆರಗು ಸರಿಮಾಡಿಕೊಂಡು, "ನಾಳೆ ಮಾಡು" ಎಂದರು.

ಮಂಗಳವಾರ ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಕುಂಡ ಮಗುಚಿದೆ. ಬೇರಿನಲ್ಲಿ ಮುಕ್ಕಾಲು ಪಾಲು ಕಪ್ಪಾಗಿ, ಮುಟ್ಟಿದರೆ ಕೈಗೆ ಲೋಳೆ ಬರುತ್ತಿತ್ತು. ಕತ್ತರಿಸಿದೆ. ಬಿಳಿಯ ಬೇರು ಒಂದು ಹಿಡಿಯಷ್ಟೇ ಉಳಿಯಿತು. ಉಳಿ, ಸುತ್ತಿಗೆಯಿಂದ ನನ್ನ ಸಿಮೆಂಟನ್ನು ನಾನೇ ಒಡೆದೆ. ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ಮನೆ ಕಟ್ಟಿ ಮಿಕ್ಕಿದ್ದ ಮರಳು ಬೆರೆಸಿದ ಕೆಮ್ಮಣ್ಣು. ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿದಾಗ ಉಳಿದ ಎಲೆಗಳೂ ಹೋದವು, ಒಂದು ಕೋಲು ನೆಟ್ಟ ಹಾಗೆ ಕಾಣಿಸಿತು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ದಿನವಿಡೀ ಮನೆಯ ನೆರಳು ಬೀಳುವ ಜಾಗಕ್ಕೆ ಕುಂಡವನ್ನು ತಳದಂಚಿನ ಮೇಲೆ ಉರುಳಿಸಿಕೊಂಡು ಹೋದೆ. ಮುಗಿಯುವ ಹೊತ್ತಿಗೆ ನಿಲ್ಲಲಾಗದೆ ಆ ಕಲ್ಲಿನ ಮೇಲೇ ಕೂತೆ. ಯಾರೂ ಸಹಾಯಕ್ಕೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಬುಧವಾರ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಬಟ್ಟಲು ಹಿಡಿದು ಹೊರಗೆ ಬಂದರು. ನಾನು ನಲ್ಲಿಯ ಹತ್ತಿರ ನಿಂತು ನೋಡುತ್ತಿದ್ದೆ. ಕುಂಡದ ಕಡೆ ಅವರು ತಿರುಗಲೇ ಇಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಗೇಟು ದಾಟಿ, ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದು, ಪಕ್ಕದ ಖಾಲಿ ಸೈಟಿನ ಎಕ್ಕದ ಗಿಡಕ್ಕೆ ನೀರು ಹಾಕಿ ಬಂದರು. ಅವರು ಮಾಡಿದ್ದನ್ನು ನೋಡಿ ಮಾವನೂ ಗೊಣಗುತ್ತ ಹೋದರು. ಆಮೇಲೆ ಎಲ್ಲರೂ ಹೋಗಲೇಬೇಕಾಯಿತು. ಮಳೆ ಬಂದ ದಿನ ಅತ್ತೆ ಛತ್ರಿ ಹಿಡಿದು ಹೋಗುತ್ತಿದ್ದರು. ನನಗೂ ಅವರಿಗೂ ಕೆಲಸಕ್ಕೆ ಬೇಕಾದಷ್ಟೇ ಮಾತು.

ಸೊಪ್ಪಿನವಳು ಹೇಳಿದ್ದು ನಿಜ, ಸುಮ್ಮನಿರುವುದೇ ಕಷ್ಟ. ನಾಲ್ಕು ದಿನಕ್ಕೋ ಐದು ದಿನಕ್ಕೋ ಅರ್ಧ ಚೆಂಬು ನೀರು. ಮಳೆ ಬಂದರೆ ಹಳೆಯ ಗೋಣಿ ಮುಚ್ಚುವುದು. ಉಳಿದಂತೆ ಮಾಡುವಂಥದ್ದು ಏನೂ ಇಲ್ಲ. ದಿನಕ್ಕೊಂದು ಸಲ ಉಗುರಿನಿಂದ ಗೀರಿ ನೋಡುತ್ತಿದ್ದೆ. ಹೀಗೆ ಗೀರಿ ಗೀರಿಯೇ ನಾನು ಅದನ್ನು ಕೊಲ್ಲುತ್ತೇನೆ ಅನ್ನಿಸಿ ವಾರಕ್ಕೊಂದು ಸಲಕ್ಕೆ ಇಳಿಸಿದೆ. ಮೇಲಿನ ಒಂದು ಕೊಂಬೆ ಒಣಗಿತು, ಅದನ್ನು ಕತ್ತರಿಸಿದೆ. ಕೆಳಗಿನದು ಹಸಿರಾಗಿಯೇ ಇತ್ತು. ಗೌರಿ ಹಬ್ಬ ಹೋಯಿತು, ದಸರಾ ಹೋಯಿತು. ಹಬ್ಬಗಳಲ್ಲಿ ಒಬ್ಬಟ್ಟು ತಟ್ಟಿ, ಪಾತ್ರೆ ತೊಳೆದು, ಹಿತ್ತಿಲಿಗೆ ಬಂದು ಆ ಕೋಲನ್ನು ನೋಡಿ ಮತ್ತೆ ಒಳಗೆ ಹೋಗುತ್ತಿದ್ದೆ. ಸತ್ತರೆ ಸಾಯಲಿ ಎಂದು ಎಷ್ಟೋ ದಿನ ಅನ್ನಿಸಿದ್ದುಂಟು. ಆಸೆ ಇಟ್ಟುಕೊಂಡು ಸಾಕಾಗಿತ್ತು.

ದೀಪಾವಳಿಗೆ ಒಂದು ವಾರ ಇರುವಾಗ ಬಟ್ಟೆ ಒಗೆಯುತ್ತ ಕೂತಿದ್ದೆ. ಬಟ್ಟೆ ಹಿಂಡಿ ತಿರುಗಿದಾಗ ಕಾಂಡದ ಗೆಣ್ಣಿನ ಹತ್ತಿರ ಕೆಂಪು ಬೆರೆತ ಹಸಿರು ಏನೋ ಕಂಡಿತು. ಹುಳು ಇರಬೇಕು ಎಂದು ಬಗ್ಗಿದೆ. ಚಿಗುರು. ಒಂದಲ್ಲ, ಮೂರು ಕಡೆ. ಒಂದರಲ್ಲಿ ಆಗಲೇ ಮೂರೆಲೆ ಬಿಚ್ಚಿಕೊಂಡು ಪತ್ರೆಯ ಆಕಾರ ಬಂದಿತ್ತು. ನಾನು ಒದ್ದೆ ಕೈಯಲ್ಲೇ ಕೆಳಗೆ ಕೂತುಬಿಟ್ಟೆ. ಆಸ್ಪತ್ರೆಯಲ್ಲಿ ಬಾರದ ಅಳು, ಕಿಟಕಿಯ ಹಿಂದೆ ಬಾರದ ಅಳು, ಅವತ್ತು ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ.

ಅತ್ತೆ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದು ನನಗೆ ತಿಳಿಯಲಿಲ್ಲ. ಅವರು ಚಿಗುರು ನೋಡಿದರು, ನನ್ನನ್ನು ನೋಡಿದರು. ಬಂದು ಒಗೆಯುವ ಕಲ್ಲಿನ ಮೇಲೆ ಕೂತರು.

"ನನಗೂ ಎರಡು ಹೋಗಿದ್ವು" ಎಂದರು. "ನಿನ್ನ ಯಜಮಾನ ಹುಟ್ಟೋಕೆ ಮುಂಚೆ. ನಮ್ಮತ್ತೆ ಹಿತ್ತಲಿನ ಗಿಡ ಒಂದನ್ನೂ ನನ್ನ ಕೈಲಿ ಮುಟ್ಟಿಸ್ತಿರ್ಲಿಲ್ಲ. ಬಳ್ಳಿಗೆ ನನ್ನ ನೆರಳು ಬಿದ್ರೂ ಆಚೆ ಹೋಗು ಅನ್ನೋರು."

ಅಳು ಹಾಗೆಯೇ ನಿಂತುಹೋಯಿತು. ಅದರ ಜಾಗದಲ್ಲಿ ಸಿಟ್ಟು ಬಂತು.

"ಅಷ್ಟು ಗೊತ್ತಿದ್ದೂ ಯಾಕೆ ಅಂದ್ರಿ ಅತ್ತೆ, ಆ ಮಾತು?"

ಅವರು ಕಲ್ಲಿನ ಮೇಲೆ ಉಳಿದಿದ್ದ ನೊರೆಯನ್ನು ಬೆರಳಿನಿಂದ ಒರೆಸಿದರು. ಸುಳ್ಳು ಹುಡುಕುತ್ತಿದ್ದಾರೆ ಎಂದುಕೊಂಡೆ. ಹುಡುಕುತ್ತಿರಲಿಲ್ಲ.

"ಬಾಯಿಗೆ ಬಂತು. ಅಂದ್ಬಿಟ್ಟೆ. ಅಂದ ಮೇಲೆ, ಇದು ನಮ್ಮತ್ತೆ ಮಾತಲ್ವ ಅನ್ನಿಸ್ತು."

ಕ್ಷಮಿಸು ಎಂದು ಅವರು ಹೇಳಲಿಲ್ಲ, ಪರವಾಗಿಲ್ಲ ಎಂದು ನಾನೂ ಹೇಳಲಿಲ್ಲ. ಪರವಾಗಿಲ್ಲ ಎನ್ನುವಂಥದ್ದು ಅಲ್ಲವೇ ಅಲ್ಲ ಅದು. ಆದರೆ ಅವರ ಕೈ ಮಡಿಲಲ್ಲಿ ಬಿದ್ದುಕೊಂಡಿದ್ದ ರೀತಿ ನೋಡಿದರೆ ನನಗಿಂತ ಎಷ್ಟೋ ಹಳೆಯ ಸುಸ್ತು ಅದು ಅನ್ನಿಸಿತು.

"ಎಷ್ಟು ತಿಂಗಳಾಗಿತ್ತು ನಿಮಗೆ?" ಎಂದು ಕೇಳಿದೆ.

ಅವರು ತಟ್ಟನೆ ನನ್ನ ಕಡೆ ತಿರುಗಿದರು. ಮೂವತ್ತು ವರ್ಷಕ್ಕೂ ಮೇಲಾಗಿತ್ತು, ಅಷ್ಟು ವರ್ಷದಲ್ಲಿ ಯಾರೂ ಅವರನ್ನು ಅದನ್ನು ಕೇಳಿರಲಿಲ್ಲ ಎಂದು ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಮೊದಲನೇದು ನಾಲ್ಕು" ಎಂದರು. "ಎರಡನೇದು ಏಳು ತುಂಬಿತ್ತು. ಹೆಣ್ಣು. ತಲೆ ತುಂಬ ಕೂದಲಿತ್ತು ಕಣಮ್ಮ, ಸೂಲಗಿತ್ತಿ ಹೇಳಿದ್ಲು. ನನಗೆ ತೋರಿಸ್ಲಿಲ್ಲ."